ಸೋನ್ಯಾಳದ ಬಾದಶಹ ಕಾಣೆಯಾದದ್ದು

ಧೂಳಪ್ಪ ನಮ್ಮ ಪಡಸಾಲೆಯಲ್ಲಿ ಕೂರಲು ಒಪ್ಪಲಿಲ್ಲ. ವರ್ಷಾನುಗಟ್ಟಲೆ ಅದೇ ಕಂಬಕ್ಕೆ ಒರಗಿ ನಮ್ಮ ಮನೆಯ ಮಜ್ಜಿಗೆ ಕುಡಿದ ಕುರುಬ ಮುದುಕ, ಆ ಶುಕ್ರವಾರ ಸಂಜೆ ಹೊಸ್ತಿಲಾಚೆಗೇ ನಿಂತು ಹೆಗಲ ಕಂಬಳಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

"ಒಳಗ ಬಾ ಧೂಳಪ್ಪಣ್ಣ, ಕುಂದ್ರು," ಎಂದೆ.

"ಒಲ್ಲೆರಿ ಸಾವಿತ್ರವ್ವಾರ. ಕಳ್ಳ ಅನಿಸಿಕೊಂಡಾಂವ ಮಂದಿ ಮನ್ಯಾಗ ಕುಂದ್ರಬಾರದು. ನರ್ಸಬಾಯಿ ಅದಾರೇನ್ರಿ?"

ನರ್ಸಬಾಯಿ ಎಂದರೆ ನನ್ನ ನಾದಿನಿ ಇಂದ್ರಾಬಾಯಿ. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ನರ್ಸಿನ ಕೆಲಸ ಕಲಿತು, ಜತ್ತದಲ್ಲಿ ಇಪ್ಪತ್ತೆಂಟು ವರ್ಷ ದುಡಿದು ಪೆನ್ಶನ್ ಆದ ಮೇಲೆ ಸೋನ್ಯಾಳಕ್ಕೆ ನನ್ನ ಜೊತೆ ಇರಲು ಬಂದವಳು. ಬರುವಾಗ ಒಂದು ಟ್ರಂಕು, ಮುದಿ ಡಾಕ್ಟರೊಬ್ಬರು ಕೊಟ್ಟಿದ್ದ ದುರ್ಬೀನು ಮತ್ತು ಹಳದಿ ಬಣ್ಣದ ಒಂದು ನಾಯಿಯನ್ನು ತಂದಳು. ನಾಯಿಯ ಹೆಸರು ಸರದಾರ. ಗುಣದಲ್ಲಿ ಅವನಂಥ ಪುಕ್ಕಲನನ್ನು ನಾನು ಇಡೀ ಜತ್ತ ತಾಲೂಕಿನಲ್ಲಿ ಕಂಡಿಲ್ಲ.

ದಿನಾ ಬೆಳಗ್ಗೆ ನಾವು ಮೂವರೂ ಊರಾಚೆಯ ಗುಡ್ಡದವರೆಗೆ ನಡೆದು ಹೋಗಿ ಹಕ್ಕಿ ನೋಡಿ ಬರುತ್ತಿದ್ದೆವು. ಹಕ್ಕಿ ನೋಡುವವಳು ಅವಳು. ನಾನು ನನ್ನ ಮಂಡಿನೋವು ನೋಡಿಕೊಳ್ಳುತ್ತಿದ್ದೆ. ನಾಳೆಯಿಂದ ಬರುವುದಿಲ್ಲ ಎಂದು ಪ್ರತಿದಿನ ಹೇಳುತ್ತಿದ್ದೆ, ಒಂದು ದಿನವೂ ತಪ್ಪಿಸಲಿಲ್ಲ. ವಯಸ್ಸಾದ ಇಬ್ಬರು ಹೆಂಗಸರು ದುರ್ಬೀನು ಹಿಡಿದು ಅಲೆಯುವುದನ್ನು ಕಂಡು ಊರು ನಗುತ್ತಿತ್ತು. ಆದರೆ ಏನಾದರೂ ಕಳೆದುಹೋದರೆ ನಕ್ಕವರೇ ಮೊದಲು ನಮ್ಮ ಬಾಗಿಲಿಗೆ ಬರುತ್ತಿದ್ದರು. ಜತ್ತದ ರಾಜರ ಸಂಸ್ಥಾನ ಹೋಗಿ ಐದಾರು ವರ್ಷವಾಗಿತ್ತು; ಪೊಲೀಸರಿಗೆ ಹೇಳಬೇಕೆಂದರೆ ಜತ್ತಕ್ಕೆ ಹೋಗಬೇಕು. ಇಂದ್ರಾಬಾಯಿಗಾದರೆ ಒಂದು ಕೂಗು ಹಾಕಿದರೆ ಸಾಕು.

ಅವಳು ಒಳಗಿನಿಂದ ಬಂದು ಧೂಳಪ್ಪನ ಎದುರಿಗೆ, ಹೊಸ್ತಿಲ ಮೇಲೆಯೇ ಕೂತಳು. "ನೀ ಒಳಗ ಬರಲಿಲ್ಲಂದ್ರ ನಾನು ಹೊರಗ ಬರ್ತೀನಿ. ಬಾದಶಹನ ಸುದ್ದಿ ಕೇಳೀನಿ. ನೀ ಮೊದಲಿಂದ ಹೇಳಪಾ."

ಬಾದಶಹ ಎಂದರೆ ಊರ ಸಾಹುಕಾರ ಶ್ರೀಶೈಲಪ್ಪನ ಕಾಳಗದ ಟಗರು. ಆನೆಯ ನೆತ್ತಿ, ಎರಡು ಸುತ್ತಿನ ಕೊಂಬು. ದೀಪಾವಳಿ ಪಾಡ್ಯಕ್ಕೆ ಅದರ ಬಿಳಿ ಉಣ್ಣೆಗೆಲ್ಲ ಗುಲಾಬಿ ಬಣ್ಣ ಬಳಿದು ಮೆರೆಸಿದ್ದರು. ಹಗಲೆಲ್ಲ ಅದು ಧೂಳಪ್ಪನ ಮಂದೆಯಲ್ಲಿ ಮೇಯುತ್ತಿತ್ತು. ಹಿಂದಿನ ವರ್ಷ ನಮ್ಮ ಸರದಾರ ಅದರ ಬಳಿ ಮೂಸಲು ಹೋಗಿ ಗುದ್ದಿಸಿಕೊಂಡು ಕಳ್ಳಿಬೇಲಿಗೆ ಹಾರಿ ಬಿದ್ದವನು, ಅಂದಿನಿಂದ ಅದರ ಗಾಳಿ ಬಂದರೂ ನನ್ನ ಸೀರೆಯ ನೆರಿಗೆಯೊಳಗೆ ಸೇರುತ್ತಿದ್ದ. ಬರುವ ರವಿವಾರ ಉಟಗಿಯ ಬೀರದೇವರ ಗುಡಿಯ ಟಗರಿನೊಡನೆ ಬಾದಶಹನ ಕಾಳಗ ಗೊತ್ತಾಗಿತ್ತು. ಊರಿಗೆ ಊರೇ ತೊಡೆ ತಟ್ಟಿಕೊಂಡು ಕಾಯುತ್ತಿತ್ತು.

"ನಿನ್ನಿ ಮಧ್ಯಾಹ್ನರಿ," ಎಂದ ಧೂಳಪ್ಪ. "ಸಜ್ಜಿ ಕೊಯ್ದ ಹೊಲದಾಗ, ಬೇವಿನ ಗಿಡದ ನೆಳ್ಳಿಗೆ ಕುರಿ ನಿಂದ್ರಿಸಿದ್ದೆ. ರೊಟ್ಟಿ ತಿಂದು ಒರಗಿದೆ, ಕಣ್ಣು ಹತ್ತಿದ್ವು. ಎದ್ದು ನೋಡ್ತೀನಿ, ಬಾದಶಹ ಇಲ್ಲ. ಬೋರಿ ಮುಳ್ಳಿನ ಕಂಟಿ ಮ್ಯಾಲ ಇದು ತೂಗಾಡ್ತಿತ್ತು."

ಕಂಬಳಿಯ ಮಡಿಕೆಯಿಂದ ಟಗರಿನ ಕೊರಳ ಗೆಜ್ಜೆಪಟ್ಟಿ ತೆಗೆದ. ಇಂದ್ರಾಬಾಯಿ ಅದನ್ನು ತಿರುಗಿಸಿ ನೋಡಿದಳು. ಪಟ್ಟಿಯನ್ನು ಯಾರೂ ಕೊಯ್ದಿರಲಿಲ್ಲ, ಗಂಟು ಬಿಚ್ಚಿದ್ದರು.

"ಬಾದಶಹನ ಕೊರಳಿಗೆ ಯಾರ್ಯಾರು ಕೈ ಹಾಕ್ತಾರ?"

"ಅದಽ ಮಾತು ಮಂದಿ ನನ್ನ ಕೊರಳಿಗಿ ಕಟ್ಟ್ಯಾರ್ರಿ. ನಾ ಮುಟ್ಟಬೇಕು, ಸಾವಕಾರ್ರು ಮುಟ್ಟಬೇಕು. ಬ್ಯಾರೆಯವ್ರು ಮುಟ್ಟಿದ್ರ ಗುದ್ದತೈತಿ. ವಿಠೋಬ ಚಾವಡ್ಯಾಗ ಎದ್ದು ನಿಂತು, ಇವನಽ ಬಿಚ್ಚಿ ಮಾರ್ಯಾನ, ಉಟಗಿಯವ್ರು ರೊಕ್ಕ ಕೊಟ್ಟಾರ ಅಂದ. ಒಬ್ಬಿಬ್ರು ತೋಳ ಒಯ್ದಿರಬೇಕು ಅಂದ್ರು. ಗೆಜ್ಜಿ ಬಿಚ್ಚೂ ತೋಳ ಎಲ್ಲೈತಿ ಅಂತ ಎಲ್ಲಾರೂ ನಕ್ರು. ದೇವರ ಅರಿಷಿಣ ಭಂಡಾರ ಮುಟ್ಟಿ ಆಣಿ ಮಾಡಿದೆರಿ, ಆದ್ರೂ ನಂಬಲಿಲ್ಲ."

"ಸಾವಕಾರ್ರು ಏನಂದ್ರು?"

"ಒಂದ ಮಾತೂ ಆಡ್ಲಿಲ್ಲರಿ. ತಲಿ ತೆಳಗ ಹಾಕಿ ಕುಂತಿದ್ರು. ಹಿರ್ಯಾರು ಅಮೋಘಸಿದ್ದಪ್ಪ ಹೇಳಿದ್ರು, ಸೋಮವಾರ ಹೊತ್ತು ಮುಳುಗೂದ್ರಾಗ ಟಗರು ತಂದು ನಿಂದ್ರಿಸು, ಇಲ್ಲಂದ್ರ ಕುರಿ ಹೊಡಕೊಂಡು ಊರ ಸೀಮಿ ದಾಟು ಅಂತ. ನಮ್ಮಪ್ಪ, ನಮ್ಮ ಮುತ್ಯಾ ಇದಽ ಮಣ್ಣಾಗ ಅದಾರ್ರಿ. ಕಳ್ಳ ಅಂತ ಹೆಸರು ಬಿದ್ದ ಕುರುಬನ್ನ ಯಾವ ಊರಾಗ ಗೊಬ್ಬರಕ್ಕ ಕುರಿ ನಿಂದ್ರಸು ಅಂತ ಹೊಲಕ್ಕ ಕರೀತಾರ್ರಿ?"

ಇಂದ್ರಾಬಾಯಿ ಗೆಜ್ಜೆಪಟ್ಟಿಯನ್ನು ತಾನೇ ಇಟ್ಟುಕೊಂಡು, "ಸೋಮವಾರ ಇನ್ನೂ ದೂರ ಐತಿ," ಎಂದಳು.

ಅವನು ಹೋದ ಮೇಲೆ ನನಗೆ ಸಿಟ್ಟು ಉಕ್ಕಿ ಬಂತು. "ಇದು ವಿಠೋಬನ ಕೆಲಸಽ," ಎಂದೆ. ವಿಠೋಬ ಕುರಿ ವ್ಯಾಪಾರಿ. ಬಾದಶಹನನ್ನು ಕೊಡಿ ಎಂದು ಮೂರು ಸಲ ಕೇಳಿ ಇಲ್ಲ ಅನಿಸಿಕೊಂಡಿದ್ದ. ದಸರೆಯಲ್ಲಿ ಅದರ ಕೊರಳು ಸವರಲು ಹೋಗಿ ಗುದ್ದಿಸಿಕೊಂಡು ಇನ್ನೂ ಕುಂಟುತ್ತಿದ್ದ. ಸೇಡು ಇರದೆ ಹೋದೀತೇ?

ಇಂದ್ರಾಬಾಯಿ ಹಕ್ಕಿಗಳ ವಿವರ ಬರೆಯುವ ನೋಟುಬುಕ್ಕು ತೆಗೆದು, "ವೈನಿ, ಮುಂಜಾನೆ ನೀವು ಹದ್ದಿನ ಬಗ್ಗೆ ಏನೋ ಅಂದ್ರಲ್ಲ, ಇನ್ನೊಮ್ಮೆ ಹೇಳ್ರಿ," ಎಂದಳು.

ಕುರಿ ಕಳೆದಿದೆ, ಇವಳಿಗೆ ಹದ್ದಿನ ಚಿಂತೆ! ಆದರೂ ಹೇಳಿದೆ. ಆ ಬೆಳಗ್ಗೆ ನಡಿಗೆಗೆ ಹೊರಡುವಾಗಲೇ ನನಗೆ ಮನಸ್ಸು ಕೆಟ್ಟಿತ್ತು. ಶ್ರೀಶೈಲಪ್ಪನ ಹೆಂಡತಿ ರುಕ್ಮವ್ವ ಬುಧವಾರ ಗೋಣಿಚೀಲ ಕತ್ತರಿಸಬೇಕೆಂದು ನನ್ನ ಕೌದಿಯ ದೊಡ್ಡ ಕತ್ತರಿ ಒಯ್ದವಳು, ಶುಕ್ರವಾರ ಬೆಳಗ್ಗೆ ಬಾಗಿಲಲ್ಲೇ ಕೊಟ್ಟು ಸರಸರ ಹೋಗಿಬಿಟ್ಟಿದ್ದಳು. ಅಲಗಿಗೆ ಜಿಡ್ಡು ಮೆತ್ತಿ ಬಟ್ಟೆಯೇ ಕತ್ತರಿಸುತ್ತಿರಲಿಲ್ಲ. ಹಬ್ಬದ ಚಕ್ಕುಲಿ ಕರಿದ ಕೈಯಲ್ಲೇ ಹಿಡಿದಿರಬೇಕು ಎಂದು ಬೈದುಕೊಳ್ಳುತ್ತ ನಡೆದಿದ್ದೆ. ಜೋಳದ ಹೊಲಗಳು ಮೊಣಕಾಲೆತ್ತರ ಬೆಳೆದು ಇಬ್ಬನಿಯಲ್ಲಿ ತೊಯ್ದಿದ್ದವು. ಒಂದು ಬುರ್ಲಿಹಕ್ಕಿ ಕಾಲಡಿಯಿಂದಲೇ ಭರ್ರನೆ ಎದ್ದು ಸರದಾರನನ್ನು ಹೆದರಿಸಿತು. ಆಗಲೇ ಹದ್ದೊಂದು ನಮ್ಮ ತಲೆಯ ಮೇಲೆ ಹಾದುಹೋಯಿತು, ಕಾಲುಗುರಿನಲ್ಲಿ ಗುಲಾಬಿ ಬಣ್ಣದ್ದೇನೋ ಹಿಡಿದಿತ್ತು.

"ಅಯ್ಯೋ, ಪಾಪ, ಜ್ವಾಳದ ಹೊಲಕ್ಕ ಬರ್ತಾವಲ್ಲ ಗುಲಾಬಿ ಮೈಯ ಹಕ್ಕಿ, ಅದನ್ನ ಹಿಡದೈತಿ ನೋಡು ಅಂದೆ," ಎಂದು ಹೇಳಿ ಮುಗಿಸಿದೆ.

"ಹಿಡಿದದ್ದು ಹಕ್ಕಿ ಆಗಿದ್ರ ಹರಿದು ತಿನ್ನಾಕ ಕುಂದ್ರತಿತ್ತು," ಎಂದಳು ಇಂದ್ರಾಬಾಯಿ. "ಅದು ಹಳ್ಳದ ದಂಡಿಯ ಗೂಡಿಗೆ ಹೋತು. ಗೂಡಿನ್ಯಾಗ ಇನ್ನೂ ಮರಿ ಇಲ್ಲ. ನಾಳಿ ಸ್ವಲ್ಪ ಹೆಚ್ಚು ನಡೀಬೇಕಾಗ್ತದ ವೈನಿ."

ಮರುದಿನ ಶನಿವಾರ ನಿಜಕ್ಕೂ ನನ್ನ ಮಂಡಿಯ ಕತೆ ಮುಗಿಯಿತು. ಹಳ್ಳದ ದಂಡೆಯ ದೊಡ್ಡ ಬೇವಿನ ಮರದ ಕೆಳಗೆ ಇಂದ್ರಾಬಾಯಿ ನೆಲ ನೋಡುತ್ತ ಸುತ್ತಿದಳು. ಮೇಲೆ ಹದ್ದಿನ ಗೂಡು, ಕೆಳಗೆ ಕಡ್ಡಿ, ಚಿಂದಿ, ಹಿಕ್ಕೆ. ಅದರ ನಡುವೆ ಏನನ್ನೋ ಹೆಕ್ಕಿ ಸೆರಗಿನ ತುದಿಗೆ ಕಟ್ಟಿಕೊಂಡಳು. ಆಮೇಲೆ ಒಂದು ಬಂಡೆಯ ಮೇಲೆ ಕೂತು ಎರಡು ತಾಸು ದುರ್ಬೀನು ಕೆಳಗಿಳಿಸಲಿಲ್ಲ.

"ಆಕಾಶದಾಗ ಇನ್ನೇನರೆ ಕಾಣ್ತದೇನು?" ಎಂದು ನಾನು ಕೆಣಕಿದೆ.

"ಕಾಣೂದಿಲ್ಲ. ಅದಽ ಚಲೋ ಸುದ್ದಿ. ಎರಡು ದಿನ ಆತು, ಒಂದು ರಣಹದ್ದೂ ಎಲ್ಲೂ ಇಳಿದಿಲ್ಲ."

ಗೂಡಿನ ಹದ್ದು ಮಾತ್ರ ನಾಲ್ಕು ಸಲ ಒಂದೇ ಕಡೆ ಹೋಗಿ ಬಂತು. ಆ ದಿಕ್ಕು ಹಿಡಿದು ನಾವು ನಡೆದೆವು. ಸನಮಡಿಯ ಹಾದಿಯಲ್ಲಿ ವಿಠೋಬನ ಹೊಲಕ್ಕೂ ಶ್ರೀಶೈಲಪ್ಪನ ಹೊಲಕ್ಕೂ ನಡುವೆ ಒಂದು ತಿಪ್ಪೆಗುಂಡಿ ಇತ್ತು. ಇಂದ್ರಾಬಾಯಿ ಕೋಲಿನಿಂದ ಸಜ್ಜೆಯ ಹೊಟ್ಟು ಸರಿಸಿದಳು. ಅಡಿಯಲ್ಲಿ ಗುಲಾಬಿ ಉಣ್ಣೆ ರಾಶಿ ಬಿದ್ದಿತ್ತು.

ನಾನು ಚೀರಿದೆ. "ಕೊಂದಾನ! ವಿಠೋಬ ಕೊಂದುಬಿಟ್ಟಾನ!"

"ಚರ್ಮ ಎಲ್ಲೈತಿ ವೈನಿ? ರಕ್ತ ಎಲ್ಲೈತಿ?" ಎಂದು ಅವಳು ಹೊಟ್ಟನ್ನು ಮೊದಲಿದ್ದಂತೆ ಮುಚ್ಚಿದಳು.

ಹಿಂತಿರುಗುವಾಗ ಶ್ರೀಶೈಲಪ್ಪನ ಹೊಲದ ಬಣವೆಯ ಪಕ್ಕ ಹಾದುಬಂದೆವು. ಬಣವೆಯ ಹಿಂದೆ ತಟ್ಟಿ ಕಟ್ಟಿದ ಒಂದು ಕೊಟ್ಟಿಗೆ ಇತ್ತು. ಅಲ್ಲಿಯವರೆಗೆ ಬಾಲ ಎತ್ತಿಕೊಂಡು ಮುಂದೆ ಓಡುತ್ತಿದ್ದ ಸರದಾರ ಗಕ್ಕನೆ ನಿಂತ, ಕುಂಯ್ ಎಂದ, ಓಡಿಬಂದು ನನ್ನ ಸೀರೆಯೊಳಗೆ ತಲೆ ತೂರಿಸಿದ. ಹಾವು ಕಂಡಿರಬೇಕೆಂದು ನಾನು ಎರಡು ಹೆಜ್ಜೆ ಹಾರಿದೆ. ಇಂದ್ರಾಬಾಯಿ ನಾಯಿಯನ್ನು ನೋಡಿದಳು, ತಟ್ಟಿಯತ್ತ ಒಮ್ಮೆ ನೋಡಿದಳು, ಆದರೆ ಹತ್ತಿರ ಹೋಗಲಿಲ್ಲ.

"ಬರ್ರಿ ವೈನಿ, ಮನಿಗಿ ಹೋಗೂಣು. ನಾಳಿ ಮುಂಜಾನೆ ಎಲ್ಲಾರೂ ಚಾವಡಿಗೆ ಬರಲಿ ಅಂತ ಅಮೋಘಸಿದ್ದಪ್ಪನವ್ರಿಗೆ ಹೇಳಿಕಳಸ್ರಿ. ನಿಮ್ಮ ಕತ್ತರಿ ನನಗ ಒಂದು ದಿನ ಬೇಕು."

"ಅದು ಬಟ್ಟಿ ಕತ್ತರಸೂದಿಲ್ಲ."

"ಗೊತ್ತೈತಿ," ಎಂದು ನಕ್ಕಳು.

ರವಿವಾರ ಬೆಳಗ್ಗೆ ಚಾವಡಿಯ ಕಟ್ಟೆ ತುಂಬಿತ್ತು. ನಡುವೆ ಹಿರಿಯ ಅಮೋಘಸಿದ್ದಪ್ಪ ಕೂತಿದ್ದರು. ಒಂದು ಬದಿಗೆ ಶ್ರೀಶೈಲಪ್ಪ, ಇನ್ನೊಂದು ಬದಿಗೆ ಮೀಸೆ ತೀಡುತ್ತ ವಿಠೋಬ. ರುಕ್ಮವ್ವ ನನ್ನ ಹಿಂದೆ ಹೆಂಗಸರ ಗುಂಪಿನಲ್ಲಿದ್ದಳು. ಧೂಳಪ್ಪ ಕಟ್ಟೆ ಹತ್ತದೆ ಕೆಳಗೆ ಮಣ್ಣಿನಲ್ಲಿ ನಿಂತಿದ್ದ.

ಇಂದ್ರಾಬಾಯಿ ನೋಟುಬುಕ್ಕು ತೆರೆದಳು. "ಬಾದಶಹ ಸತ್ತಿಲ್ಲ. ಮೂರು ದಿನದಿಂದ ಈ ಸೀಮ್ಯಾಗ ರಣಹದ್ದು ಇಳಿದಿಲ್ಲ. ಸಣ್ಣ ಮರಿ ಸತ್ರೂ ಅವು ಬಿಡೂದಿಲ್ಲ, ಅಂಥಾ ಟಗರು ಸತ್ರ ಬಿಡ್ತಾವೇನು? ತೋಳದ ಮಾತು ಇಲ್ಲಿಗೆ ಬಿಡ್ರಿ."

"ಮಾರ್ಯಾನ ಅಂತ ನಾ ಹೇಳಲಿಲ್ಲೇನು?" ಎಂದ ವಿಠೋಬ.

"ತಡೀರಿ ವಿಠೋಬ. ಈಗ ಕಾರ್ತಿಕ. ಹದ್ದು ಗೂಡು ಕಟ್ಟೂ ದಿನ. ಒಳಗ ಮೆತ್ತಗ ಇರಲಿ ಅಂತ ಚಿಂದಿ, ಹತ್ತಿ ಅರಳಿ, ಏನು ಸಿಕ್ರೂ ಒಯ್ತದ. ಶುಕ್ರವಾರ ಒಂದು ಹದ್ದು ಗುಲಾಬಿ ಬಣ್ಣದ್ದೇನೋ ಗೂಡಿಗೆ ಒಯ್ತು. ವೈನಿ ಹಕ್ಕಿ ಅಂದ್ರು. ಗಿಡದ ಕೆಳಗ ಬಿದ್ದದ್ದು ಇದು." ಸೆರಗಿನ ಗಂಟು ಬಿಚ್ಚಿ ಗುಲಾಬಿ ಉಣ್ಣೆಯ ಎಸಳನ್ನು ಅಮೋಘಸಿದ್ದಪ್ಪನವರ ಅಂಗೈಯಲ್ಲಿಟ್ಟಳು. "ಕಿತ್ತದ್ದಲ್ಲ, ಕತ್ತರಿಸಿದ್ದು. ಅಂದ್ರ ಯಾರೋ ಬಾದಶಹನ ಉಣ್ಣಿ ತಗದಾರ. ಬಣ್ಣ, ಉಣ್ಣಿ ಎರಡೂ ಹೋದ್ರ ಅದು ಎಲ್ಲಾ ಟಗರಿನಂಗ ಒಂದು ಟಗರು, ದೂರದಿಂದ ನೋಡಿದವ್ರಿಗೆ ಗುರ್ತು ಹತ್ತೂದಿಲ್ಲ. ಹದ್ದು ಎಲ್ಲಿಂದ ತರ್ತದ ಅಂತ ನೋಡಿಕೋತ ಹೋದ್ವಿ. ಸನಮಡಿ ಹಾದ್ಯಾಗ ಒಂದು ತಿಪ್ಪ್ಯಾಗ ಉಳಿದ ಉಣ್ಣಿ ರಾಶಿ ಬಿದ್ದೈತಿ."

"ತಿಪ್ಪ್ಯಾಗ?" ಎಂದು ಧೂಳಪ್ಪ ಕೂಗಿದ. ಆಮೇಲೆ ನಾಚಿ ಬಾಯಿಗೆ ಕೈ ಇಟ್ಟುಕೊಂಡ.

"ಕೇಳಿದ್ರಿಲ್ಲೋ? ಕಳ್ಳ ಅಂದಾಗ ಈ ದನಿ ತಗದಿರಲಿಲ್ಲ ಆತ." ಇಂದ್ರಾಬಾಯಿ ಕಟ್ಟೆಯವರತ್ತ ತಿರುಗಿದಳು. "ಕುರುಬ ಉಣ್ಣಿ ತಗಿಯೂದು ನೀವೆಲ್ಲಾ ನೋಡೀರಿ. ಮೊದಲು ಕಂಬಳಿ ಹಾಸ್ತಾನ, ಅದರ ಮ್ಯಾಲ ಕುರಿ ಮಲಗಿಸ್ತಾನ. ಒಂದು ಎಸಳು ಮಣ್ಣಿಗಿ ಬೀಳಗೊಡೂದಿಲ್ಲ. ಸತ್ತ ಕುರಿ ಉಣ್ಣೀನೂ ಬಿಡೂದಿಲ್ಲ. ಧೂಳಪ್ಪಣ್ಣ ಕಳವು ಮಾಡಿದ್ರೂ ಉಣ್ಣಿ ತಿಪ್ಪಿಗಿ ಒಗೀತಿದ್ದಿಲ್ಲ, ಅವನ ಕೈ ಬರೂದಿಲ್ಲ. ಒಗದಾಂವ ಉಣ್ಣಿ ಬೆಲಿ ಗೊತ್ತಿಲ್ಲದಾಂವ. ವಿಠೋಬನೂ ಅಲ್ಲ, ಕುರಿ ವ್ಯಾಪಾರದವ್ರಿಗೆ ಉಣ್ಣಿ ಅಂದ್ರ ರೊಕ್ಕ. ಮತ್ತ ಆತ ಗೆಜ್ಜಿ ಬಿಚ್ಚಾಕ ಹೋಗಿದ್ರ ಇವತ್ತು ಎರಡೂ ಕಾಲು ಕುಂಟತಿದ್ವು."

ಜನ ನಕ್ಕರು. ವಿಠೋಬ ಮೀಸೆಯಿಂದ ಕೈ ತೆಗೆದ. ಅವನನ್ನು ಎರಡು ದಿನ ಮನಸ್ಸಿನಲ್ಲೇ ಜೈಲಿಗೆ ಹಾಕಿದ್ದ ನಾನು ಬೇರೆ ಕಡೆ ನೋಡಿದೆ.

"ಇನ್ನೊಂದು ಐತಿ. ಕುರಿ ಕತ್ತರಿಯಿಂದ ತಗದ ಉಣ್ಣಿ ಮೆಟ್ಟಿಲ ಮೆಟ್ಟಿಲ ಇರ್ತದ. ಇದು ಸೀರಿ ಅಂಚು ಕತ್ತರಿಸಿದಂಗ ಸಾಪ್ ಐತಿ. ಬಟ್ಟಿ ಕತ್ತರಿಸೂ ದೊಡ್ಡ ಕತ್ತರಿ ಈ ಊರಾಗ ಒಂದಽ ಐತಿ." ಅವಳು ನನ್ನ ಕತ್ತರಿಯನ್ನು ಎತ್ತಿ ಹಿಡಿದಳು. "ಬುಧವಾರ ಇದು ಮನಿ ಬಿಟ್ಟು ಹೋಗಿತ್ತು, ಶುಕ್ರವಾರ ಬಂತು. ಅಲಗಿಗೆ ಹತ್ತಿದ್ದು ಚಕ್ಕುಲಿ ಎಣ್ಣಿ ಅಲ್ಲ, ಮೂಸಿ ನೋಡ್ರಿ, ಕುರಿ ಮೈ ಜಿಡ್ಡು."

ನನ್ನ ಬೆನ್ನ ಹಿಂದೆ ಬಳೆಗಳು ಸದ್ದಾದವು. ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ. ಮೂರು ದಿನ ನಾನು ಬೈದದ್ದು ಯಾವುದಕ್ಕೆ ಎಂಬುದು ಆಗ ನನಗೆ ಹೊಳೆಯಿತು.

"ನಿನ್ನಿ ನಮ್ಮ ಸರದಾರ ಒಂದು ತಟ್ಟಿ ಹತ್ತಿರ ಬಂದು, ವೈನಿ ಸೀರ್ಯಾಗ ಹೊಕ್ಕ. ಉಣ್ಣಿ ತಗದ್ರ ಮನಶ್ಯಾರು ಮೋಸ ಹೋಗ್ತಾರ, ನಾಯಿ ಮೂಗು ಹೋಗೂದಿಲ್ಲ. ಅದು ಯಾರ ತಟ್ಟಿ ಅಂತ ನಾ ಹೇಳೂದಿಲ್ಲ." ಇಂದ್ರಾಬಾಯಿಯ ದನಿ ಮೆತ್ತಗಾಯಿತು. "ದಸರಾ ಕಾಳಗ ಮುಗಿದ ಮ್ಯಾಲ ಬಾದಶಹನ ಕೊಂಬಿನ ಬುಡಕ್ಕ ಟಿಂಚರ್ ಹಚ್ಚಿದವಳು ನಾನು. ಗೆದ್ದಿತ್ತು ಖರೆ. ಆದ್ರ ಕಿವಿಯಿಂದ ರಕ್ತ ಬರ್ತಿತ್ತು. ಹೊರಗ ಹುಡುಗರು ಹಲಗಿ ಬಾರಿಸಿದ್ರ ಗಡಗಡ ನಡುಗ್ತಿತ್ತು. ಅವತ್ತು ಅದರ ತಲಿ ತೊಡಿ ಮ್ಯಾಲ ಇಟ್ಟಕೊಂಡು ಕುಂತವ್ರ ಕಣ್ಣಾಗ ನೀರು ನೋಡೀನಿ. ಪ್ರೀತಿ ಮಾಡಿದ ತಪ್ಪು ಇದು. ಆದ್ರೂ ಅದರ ಭಾರ ಇನ್ನೊಬ್ಬ ಮುದುಕನ ತಲಿ ಮ್ಯಾಲ ಐತಿ."

ಅಷ್ಟು ಹೇಳಿ ನೋಟುಬುಕ್ಕು ಮುಚ್ಚಿ ಕೂತುಬಿಟ್ಟಳು.

ಶ್ರೀಶೈಲಪ್ಪ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡು ಕಟ್ಟೆ ಇಳಿದ. ಊರಿಗೆಲ್ಲ ಕಾಳು ಅಳೆದು ಕೊಡುವ ಆ ಎತ್ತರದ ಮನುಷ್ಯ ಧೂಳಪ್ಪನ ಎದುರು ನಿಂತಾಗ ಕುಗ್ಗಿ ಹೋಗಿದ್ದ.

"ನಾನಽ ಧೂಳಪ್ಪಾ. ನೀ ಮಲಗಿದ್ದಾಗ ಸಪ್ಪಳ ಆಗಬಾರದಂತ ಗೆಜ್ಜಿ ಬಿಚ್ಚಿ ಕಂಟಿಗೆ ಸಿಗಿಸಿದೆ, ಬೆಲ್ಲ ತೋರಿಸಿದೆ, ಹಿಂದಽ ಬಂತು. ನನ್ನನ್ನ ಕೇಳಲಾರದಽ ಊರಾಗಿನವ್ರು ಉಟಗಿ ಕಾಳಗ ಗೊತ್ತ ಮಾಡಿದ್ರು. ಒಲ್ಲೆ ಅಂದ್ರ ಸಾವಕಾರ ಅಂಜಿದ ಅಂತ ನಗ್ತಾರ ಅಂತ ಹೂಂ ಅಂದೆ. ಈ ರವಿವಾರ ದಾಟಿದ್ರ ಸಾಕು, ಸಿಕ್ಕಿತು ಅಂತ ಹೇಳೋಣು ಅಂತಿದ್ದೆ. ನಿನ್ನ ಮ್ಯಾಲ ಬರ್ತದಂತ ಕನಸಿನ್ಯಾಗೂ ಅನಕೊಂಡಿರಲಿಲ್ಲ. ಬಂದ ಮ್ಯಾಲ... ಬಾಯಿ ಬರಲಿಲ್ಲ."

ಧೂಳಪ್ಪ ಕಂಬಳಿಯನ್ನು ಹೆಗಲಿಗೆ ಏರಿಸಿಕೊಂಡ.

"ಮೂರು ದಿನ ಎಲ್ಲಾರೂ ಕಳ್ಳ ಅಂದ್ರು. ನೀವು ಸುಮ್ಮಕ ಕುಂತ್ರಿ," ಎಂದ. "ಅದು ಮರಿ ಇದ್ದಾಗ ನನ್ನ ಕಂಬಳ್ಯಾಗ ಮಲಗತಿತ್ತು. ನನಗ ಒಂದು ಮಾತು ಹೇಳಿದ್ರ ನಾನಽ ಅಡಗಿಸಿ ಇಡತಿದ್ನೆಲ್ರಿ ಸಾವಕಾರ್ರ!" ತಡೆಯಲಾರದೆ ಸೇರಿಸಿದ, "ಉಣ್ಣೀನೂ ತಿಪ್ಪಿಗಿ ಹೋಗತಿದ್ದಿಲ್ಲ."

ಮೊದಲು ನಕ್ಕವರು ಅಮೋಘಸಿದ್ದಪ್ಪ. ಆಮೇಲೆ ಇಡೀ ಚಾವಡಿ ನಕ್ಕಿತು, ಕಣ್ಣೊರೆಸಿಕೊಂಡೇ ನಕ್ಕಿತು. ಶ್ರೀಶೈಲಪ್ಪ ಮುದುಕನ ಕೈ ಹಿಡಿದು ಕಟ್ಟೆ ಹತ್ತಿಸಿ ತನ್ನ ಜಾಗದಲ್ಲಿ ಕೂರಿಸಿದ, ತಾನು ಮಣ್ಣಿನಲ್ಲಿ ನಿಂತ. ಕಳ್ಳ ಎಂದು ಕೂಗಿದ್ದ ವಿಠೋಬನೇ ಎದ್ದು, ಈ ವರ್ಷ ಮೊದಲು ನನ್ನ ಹೊಲದಾಗ ಕುರಿ ನಿಂದ್ರಸು ಎಂದು ಕೇಳಿಕೊಂಡ. ಬಾದಶಹ ಪೆನ್ಶನ್ ತಗೊಂಡಾನ ಎಂದು ಉಟಗಿಗೆ ಹೇಳಿಕಳಿಸಿದೆವು. ರುಕ್ಮವ್ವ ನನ್ನ ಕೈ ಹಿಡಿದುಕೊಂಡಳು. ಮರುದಿನ ಕತ್ತರಿಯನ್ನು ಒಯ್ದು ಸಾಣೆ ಹಿಡಿಸಿ ತಂದು ಕೊಟ್ಟಳು.

ಆ ರವಿವಾರ ಸಂಜೆಯೇ ಧೂಳಪ್ಪ ನಮ್ಮ ಮನೆಗೆ ಬಂದಿದ್ದ. ಕರೆಯುವ ಮೊದಲೇ ಹೊಸ್ತಿಲು ದಾಟಿ, ತನ್ನ ಕಂಬಕ್ಕೆ ಒರಗಿ ಕೂತ. ನಾನು ಮಜ್ಜಿಗೆ ಕೊಟ್ಟೆ. ತಂಬಿಗೆ ಖಾಲಿ ಮಾಡಿ, "ಉಪ್ಪು ಸ್ವಲ್ಪ ಕಡಿಮಿ ಆಗೈತ್ರಿ ಅವ್ವಾರ," ಎಂದ. ನಾನು ಕಣ್ಣೊರೆಸಿಕೊಳ್ಳುತ್ತ ಅಡುಗೆಮನೆಗೆ ಓಡಿದೆ.

ಚಳಿ ಜೋರಾದ ದಿನಗಳಲ್ಲಿ ಅವನು ಮತ್ತೆ ಬಂದು ಇಂದ್ರಾಬಾಯಿಯ ಮುಂದೆ ಒಂದು ಹೊಸ ಕಂಬಳಿ ಇಟ್ಟ. ತಿಪ್ಪೆಯಿಂದ ಎಸಳೆಸಳಾಗಿ ಆಯ್ದು, ಹಳ್ಳದಲ್ಲಿ ತೊಳೆದು, ನೂಲು ತೆಗೆಸಿ ನೇಯಿಸಿದ್ದ. ಕರಿಯ ಕಂಬಳಿಯ ಅಂಚಿನಲ್ಲಿ ಎರಡು ಬೆರಳಗಲ ಗುಲಾಬಿ ಪಟ್ಟಿ.

"ಹದ್ದು ಒಯ್ದದ್ದು ಹದ್ದಿಗೆ ಇರಲಿ. ಉಳದದ್ದು ನಿಮಗ್ರಿ," ಎಂದ.

ಇಂದ್ರಾಬಾಯಿ ಅದನ್ನು ಕೆನ್ನೆಗೆ ಒತ್ತಿಕೊಂಡಳು. ಪಡಸಾಲೆಯಲ್ಲಿ ಅದನ್ನು ಹಾಸಿ, ಬೆಚ್ಚಗೆ ಮಲಗಲಿ ಎಂದು ಸರದಾರನನ್ನು ಕರೆದಳು. ಅವನು ಬಾಲವಾಡಿಸುತ್ತ ಬಂದ, ಗುಲಾಬಿ ಅಂಚನ್ನು ಒಮ್ಮೆ ಮೂಸಿದ, ಕುಂಯ್ ಎಂದು ಓಡಿಬಂದು ನನ್ನ ಸೀರೆಯೊಳಗೆ ಸೇರಿಕೊಂಡ.